ಮನಸ್ಸು ಬಳಲಿದವರ ಶುಶ್ರೂಷೆ

ಕಾಲು ಮುರಿದು ಆಸ್ಪತ್ರೆ ಸೇರಿದವನಿಗೆ ದಾದಿ ಏನು ಮಾಡುತ್ತಾಳೆಂದು ಯಾರನ್ನು ಕೇಳಿದರೂ ಹೇಳಿಯಾರು. ಗಾಯ ತೊಳೆದು ಪಟ್ಟಿ ಕಟ್ಟುತ್ತಾಳೆ, ಮಗ್ಗುಲು ಬದಲಿಸುತ್ತಾಳೆ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾಳೆ, ಜ್ವರ ಅಳೆದು ಬರೆದಿಡುತ್ತಾಳೆ. ಆದರೆ ಮೈಮೇಲೆ ಗಾಯವಿಲ್ಲದ, ಜ್ವರವಿಲ್ಲದ, ಕೈಕಾಲು ಗಟ್ಟಿಯಾಗಿದ್ದು ಮನಸ್ಸು ಮಾತ್ರ ಹದ ತಪ್ಪಿದ ರೋಗಿಗೆ ದಾದಿ ಮಾಡುವುದೇನು? ಈ ಪ್ರಶ್ನೆಯನ್ನು ನನಗೆ ಅನೇಕರು ಕೇಳಿದ್ದಾರೆ. ಕೇಳಿದವರು ತಾವೇ ಉತ್ತರ ಕೊಟ್ಟುಕೊಂಡದ್ದೂ ಉಂಟು: "ಓಡಿಹೋಗದ ಹಾಗೆ ಕಾಯುವುದು, ಅಲ್ಲವೆ?"

ಈ ಉತ್ತರ ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು. ಕನ್ನಡ ನಾಡಿನಲ್ಲಿ ಇಂಥ ರೋಗಿಗಳಿಗೆಂದು ಪ್ರತ್ಯೇಕ ಆಶ್ರಯಗಳು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಧಾರವಾಡದಲ್ಲಿ 1845ರಲ್ಲಿ, ಬೆಂಗಳೂರಿನಲ್ಲಿ 1847ರಲ್ಲಿ. ಆಗ ಅವುಗಳ ಹೆಸರು ಆಸ್ಪತ್ರೆ ಎಂದಿರಲಿಲ್ಲ. ರೋಗವನ್ನು ಗುಣಪಡಿಸುವ ಮದ್ದು ಯಾರ ಕೈಯಲ್ಲಿಯೂ ಇಲ್ಲದಿದ್ದಾಗ ಉಳಿದದ್ದು ಅನ್ನ ಹಾಕುವುದು, ಬಾಗಿಲು ಹಾಕುವುದು, ಈ ಎರಡೇ. 1925ರಲ್ಲಿ ಬೆಂಗಳೂರಿನ ಸಂಸ್ಥೆ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿಕೊಂಡಿತು. 1954ರಲ್ಲಿ ಅದರ ಜೊತೆಯಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಅಲ್ಲಿಯೇ 1956ರಲ್ಲಿ ದಾದಿಯರಿಗಾಗಿ ಮನೋರೋಗ ಶುಶ್ರೂಷೆಯ ಒಂದು ವರ್ಷದ ಶಿಕ್ಷಣ ಮೊದಲಾಯಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ, ಇಂದು ನಾವೆಲ್ಲರೂ ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಾಯಿತು. ಕಾವಲುಗಾರನ ಜಾಗಕ್ಕೆ ದಾದಿ ಬಂದ ಕಥೆಯನ್ನು ಸಂಗ್ರಹವಾಗಿ ಹೀಗೆ ಹೇಳಬಹುದು.

ಇದೇ ಹೊತ್ತಿಗೆ ಮದ್ದುಗಳೂ ಬಂದವು. ನಮ್ಮ ಸರ್ಪಗಂಧದ ಬೇರಿನ ಗುಣವನ್ನು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲಿಯೇ ವೈದ್ಯ ಲೋಕದ ಮುಂದಿಟ್ಟಿದ್ದರು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಎಂಬ ಲವಣ ಗುಣಕಾರಿ ಎಂದು ತೋರಿಸಿದರು. 1952ರಲ್ಲಿ ಪ್ಯಾರಿಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಕೊಟ್ಟು ನೋಡಿದರು. ವರ್ಷಗಟ್ಟಲೆ ಕೂಗಾಡುತ್ತಿದ್ದವರು ಶಾಂತರಾಗಿ ಮಾತಿಗೆ ಸಿಕ್ಕಿದರು. ಮದ್ದು ಬಂದಮೇಲೆ ದಾದಿಯ ಕೆಲಸ ಕಡಿಮೆಯಾಯಿತೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಮೊದಲು ಮಾತಿಗೇ ಸಿಕ್ಕದವನು ಈಗ ಸಿಕ್ಕಿದನಷ್ಟೆ? ಅವನ ಮಾತನ್ನು ಕೇಳುವವರು ಬೇಕಲ್ಲ!

ಮನಸ್ಸಿನ ದೊಡ್ಡ ಕಾಯಿಲೆಗಳಲ್ಲಿ ಎರಡು ಬಗೆಗಳನ್ನು ಕುರಿತು ಮಾತ್ರ ಇಂದು ಹೇಳಬೇಕೆಂದಿದ್ದೇನೆ. ಒಂದು, ಭಾವದ ಏರಿಳಿತದ ಕಾಯಿಲೆ. ಎಲ್ಲರ ಮನಸ್ಸಿನಲ್ಲಿಯೂ ಸುಖದುಃಖಗಳ ಅಲೆಗಳು ಏಳುತ್ತವೆ, ಬೀಳುತ್ತವೆ. ಆದರೆ ಕೆಲವರಲ್ಲಿ ಅಲೆ ಇಳಿದದ್ದು ಇಳಿದೇ ಇರುತ್ತದೆ. ವಾರಗಟ್ಟಲೆ ಊಟ ರುಚಿಸದು, ನಿದ್ರೆ ಬಾರದು, ಬದುಕೇ ಬೇಡವೆನಿಸುತ್ತದೆ. ಇದು ಖಿನ್ನತೆ. ಇನ್ನು ಕೆಲವರಲ್ಲಿ ಅಲೆ ಏರಿಬಿಡುತ್ತದೆ. ನಿದ್ರೆ ಬೇಕಿಲ್ಲ, ಮಾತು ನಿಲ್ಲದು, ಕೈಯಲ್ಲಿದ್ದ ಹಣ ನಿಲ್ಲದು, ತಾನು ಸಾಮಾನ್ಯನಲ್ಲ ಎಂಬ ಭಾವ. ಇದು ಉನ್ಮಾದ. ಒಬ್ಬರಲ್ಲಿಯೇ ಎರಡೂ ಬಂದುಹೋಗುವುದನ್ನು ವೈದ್ಯರು ಬೈಪೋಲಾರ್ ಎನ್ನುತ್ತಾರೆ. ಎರಡನೆಯ ಬಗೆ, ಚಿತ್ತವಿಕಲತೆ. ಇಲ್ಲಿ ಹೊರಗಿನ ಲೋಕಕ್ಕೂ ಒಳಗಿನ ಲೋಕಕ್ಕೂ ನಡುವಿನ ಗೋಡೆ ಬಿರುಕು ಬಿಡುತ್ತದೆ. ಯಾರೂ ಇಲ್ಲದ ಕಡೆಯಿಂದ ದನಿ ಕೇಳಿಸುತ್ತದೆ, ನೆರೆಯವರು ತನಗೆ ಕೇಡು ಬಗೆಯುತ್ತಿದ್ದಾರೆಂಬ ಸಂಶಯ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸ್ಕಿಜೋಫ್ರೀನಿಯಾ ಎಂಬುದು ಈ ಜಾತಿಗೆ ಸೇರಿದ್ದು.

ನಮ್ಮ ಕರಾವಳಿಯಲ್ಲಿ ಇಂಥದೊಂದು ಮನೆಯಲ್ಲಿ ಕಂಡಾಗ ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡುವುದು ರೂಢಿ. ಬಾಧೆ ಇದೆಯೊ, ದೈವಕ್ಕೆ ಹೇಳಿಕೊಂಡದ್ದು ಮರೆತುಹೋಯಿತೊ ಎಂಬ ಚಿಂತೆ. ಉಡುಪಿಯ ಉತ್ತರಕ್ಕಿರುವ ಕೋಟದಲ್ಲಿ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಊರಿನ ಜನರ ಮನಸ್ಸಿನ ಆರೋಗ್ಯವನ್ನು ಕೂಲಂಕಷವಾಗಿ ಅಭ್ಯಾಸಮಾಡಿ 1976ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಜನ ನಾಟಿ ವೈದ್ಯರ ಬಳಿಗೂ, ಮಂತ್ರವಾದಿಯ ಬಳಿಗೂ, ಪಾತ್ರಿಯ ಬಳಿಗೂ, ಅದರ ಜೊತೆಗೆ ಡಾಕ್ಟರರ ಬಳಿಗೂ ಹೋಗುತ್ತಾರೆಂಬುದನ್ನು ಅವರು ಗಮನಿಸಿದರು. ಇದರಲ್ಲಿ ನಗುವಂಥದು ಏನೂ ಇಲ್ಲ. ನೊಂದವನು ಬಾಗಿಲು ಕಂಡಲ್ಲಿ ತಟ್ಟುತ್ತಾನೆ. ಮನೆಯವರು ಕೋಲ ಕೊಡುತ್ತೇವೆಂದರೆ ದಾದಿ ಅಡ್ಡ ಬರಬೇಕಾಗಿಲ್ಲ. "ಅದನ್ನೂ ಮಾಡಿ ಅಮ್ಮ, ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ" ಎಂದರೆ ಸಾಕು. ಆದರೆ ಹೊಡೆತ, ಬರೆ, ಉಪವಾಸ, ಸಂಕೋಲೆ, ಇವುಗಳ ವಿಷಯಕ್ಕೆ ಬಂದಾಗ ಮಾತ್ರ ಗಟ್ಟಿಯಾಗಿ ಬೇಡವೆನ್ನಲೇಬೇಕು.

ದಾದಿಯ ಕೆಲಸ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ನಾನು ಕಲಿತದ್ದು ಒಂದು ಸೋಲಿನಿಂದ. ನಾನಿನ್ನೂ ವಿದ್ಯಾರ್ಥಿನಿ. ವಾರ್ಡಿನಲ್ಲಿದ್ದ ಒಬ್ಬ ನಡುವಯಸ್ಸಿನ ಹೆಂಗಸು ಎರಡು ದಿನದಿಂದ ಅನ್ನ ನೀರು ಮುಟ್ಟಿರಲಿಲ್ಲ. ಎಲ್ಲದರಲ್ಲಿಯೂ ವಿಷ ಬೆರೆಸಿದ್ದಾರೆಂಬ ಭ್ರಮೆ. ನಾನು ಬುದ್ಧಿವಂತೆಯೆಂದುಕೊಂಡು, ಆಕೆಯ ಲೋಟದ ನೀರನ್ನು ಆಕೆಯ ಎದುರಿಗೇ ಗಟಗಟನೆ ಕುಡಿದು, "ನೋಡಿ, ನನಗೇನಾಯಿತು?" ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗೆ ಮೊದಲೇ ಪ್ರತಿಮದ್ದು ಕೊಟ್ಟಿದ್ದಾರೆ" ಎಂದಳು. ಅಂದಿನಿಂದ ನಾನೂ ವೈರಿಗಳ ಪಟ್ಟಿಗೆ ಸೇರಿದೆ. ಹಿರಿಯ ಸಿಸ್ಟರ್ ನನ್ನನ್ನು ಬದಿಗೆ ಕರೆದು ಕೇಳಿದರು: "ವಾದದಲ್ಲಿ ನೀನು ಗೆದ್ದೆ ಮಗಾ. ಅವರು ಊಟ ಮಾಡಿದರೊ?"

ಮಧ್ಯಾಹ್ನ ಅವರು ಮಾಡಿದ್ದು ಇಷ್ಟು. ಕೆತ್ತದ ಎಳನೀರು ತರಿಸಿ ಆಕೆಯ ಕಣ್ಣೆದುರಿಗೇ ಕೆತ್ತಿಸಿದರು. ಸಿಪ್ಪೆ ಸುಲಿಯದ ಬಾಳೆಹಣ್ಣು, ಒಡೆಯದ ಬೇಯಿಸಿದ ಮೊಟ್ಟೆ ಇಟ್ಟರು. ವಿಷವಿಲ್ಲವೆಂದು ವಾದಿಸಲಿಲ್ಲ, ಇದೆಯೆಂದು ಒಪ್ಪಲೂ ಇಲ್ಲ. "ನಿಮಗೆ ಬಹಳ ಹೆದರಿಕೆಯಾಗಿದೆ, ಅದು ನನಗೆ ಕಾಣುತ್ತದೆ. ನಾನು ಇಲ್ಲೇ ಕೂತಿರುತ್ತೇನೆ" ಎಂದಷ್ಟೇ ಹೇಳಿ ಪಕ್ಕದಲ್ಲಿ ಕುಳಿತರು. ಅರ್ಧ ಗಂಟೆಯ ಮೇಲೆ ಆಕೆ ಎಳನೀರು ಕುಡಿದಳು. ಚಿತ್ತವಿಕಲತೆಯ ಶುಶ್ರೂಷೆಯ ತಿರುಳು ಆ ಅರ್ಧ ಗಂಟೆಯಲ್ಲಿದೆ. ಭ್ರಮೆಯೊಡನೆ ಜಗಳವಾಡಬಾರದು, ಭ್ರಮೆಗೆ ತಾಳವನ್ನೂ ಹಾಕಬಾರದು; ಭ್ರಮೆಯ ಹಿಂದಿರುವ ಭಯಕ್ಕೆ ಉತ್ತರ ಕೊಡಬೇಕು. ದನಿ ಕೇಳಿಸುತ್ತದೆಂದು ರೋಗಿ ಹೇಳಿದರೆ, "ನನಗೆ ಕೇಳಿಸುತ್ತಿಲ್ಲ, ಆದರೆ ನಿಮಗೆ ಕೇಳಿಸುವುದು ನಿಜ, ಅದು ನಿಮ್ಮನ್ನು ಕಾಡುತ್ತಿದೆ" ಎನ್ನಬಹುದು. ಆ ದನಿ ಏನು ಮಾಡಲು ಹೇಳುತ್ತಿದೆ ಎಂಬುದನ್ನು ಮಾತ್ರ ತಪ್ಪದೆ ಕೇಳಬೇಕು. ಏಕೆಂದರೆ ಕೆಲವೊಮ್ಮೆ ಅದು ತನಗೆ ತಾನೇ ಹಾನಿ ಮಾಡಿಕೊಳ್ಳೆಂದು ಆಜ್ಞೆ ಮಾಡುತ್ತಿರುತ್ತದೆ.

ಇದಕ್ಕೆ ಸೇರಿದಂತೆ ಇನ್ನೊಂದು ಮಾತು. ಮನೆಯವರು ಎಷ್ಟೋ ಸಲ ಮಾತ್ರೆಯನ್ನು ಸಾರಿನಲ್ಲಿಯೊ ಚಹಾದಲ್ಲಿಯೊ ಗುಟ್ಟಾಗಿ ಬೆರೆಸಿ ಕೊಡುತ್ತಾರೆ. ಕಷ್ಟದಲ್ಲಿ ಹಾಗೆ ಮಾಡುತ್ತಾರೆಂಬುದು ನಿಜ. ಆದರೆ ಒಂದು ದಿನ ಗುಟ್ಟು ರಟ್ಟಾಗುತ್ತದೆ. ಊಟದಲ್ಲಿ ಏನೋ ಬೆರೆಸುತ್ತಾರೆಂಬ ರೋಗಿಯ ಸಂಶಯ ಆಗ ಸಂಶಯವಾಗಿ ಉಳಿಯುವುದಿಲ್ಲ, ಸತ್ಯವೇ ಆಗಿಬಿಡುತ್ತದೆ. ಮಾತ್ರೆ ಬೇಡವೆನ್ನುವುದಕ್ಕೆ ಕಾರಣವೇನೆಂದು ಕೇಳುವುದು ಮೇಲು. ಕೈಕಾಲು ಬಿಗಿಯುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ, ಜೊಲ್ಲು ಸುರಿಯುತ್ತದೆ, ಮೈ ಊದಿಕೊಳ್ಳುತ್ತದೆ, ಹಗಲೆಲ್ಲ ತೂಕಡಿಕೆ ಎಂದು ಹೇಳಿಯಾರು. ಇವು ಸೋಮಾರಿಯ ನೆಪಗಳಲ್ಲ. ಮದ್ದಿನಿಂದಲೇ ಆಗುವ ತೊಂದರೆಗಳು. ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನು ಹೊಂದಿಸುತ್ತಾರೆ, ಮದ್ದನ್ನೇ ಬದಲಿಸುತ್ತಾರೆ, ದಿನದ ಮಾತ್ರೆಯ ಬದಲು ಕೆಲವು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದೂ ಉಂಟು. ರೋಗಿ ಅತ್ತಿಂದಿತ್ತ ಶತಪಥ ತಿರುಗುವುದನ್ನು ಕಂಡು ರೋಗ ಹೆಚ್ಚಾಯಿತೆಂದು ಮದ್ದನ್ನು ಹೆಚ್ಚಿಸಿದರೆ, ಆ ತಿರುಗಾಟಕ್ಕೆ ಮದ್ದೇ ಕಾರಣವಾಗಿದ್ದಾಗ, ಬೆಂಕಿಗೆ ಎಣ್ಣೆ ಹೊಯ್ದಂತೆ. ಇದನ್ನು ಮೊದಲು ಕಾಣಬಲ್ಲವಳು ಎಂಟು ಗಂಟೆ ವಾರ್ಡಿನಲ್ಲಿಯೇ ಇರುವ ದಾದಿ. ದಿನಕ್ಕೊಮ್ಮೆ ಬಂದುಹೋಗುವ ವೈದ್ಯರಲ್ಲ.

ಖಿನ್ನತೆಯ ರೋಗಿಯ ಶುಶ್ರೂಷೆ ನೋಡುವುದಕ್ಕೆ ಸುಲಭ. ಗಲಾಟೆಯಿಲ್ಲ, ಕೂಗಿಲ್ಲ, ಮೂಲೆಯ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಾರೆ. ವಾರ್ಡಿನಲ್ಲಿ ಅತ್ಯಂತ ಸುಲಭವಾಗಿ ಮರೆತುಹೋಗುವ ರೋಗಿ ಇವರೇ, ಮತ್ತು ಮರೆಯಲೇಬಾರದ ರೋಗಿಯೂ ಇವರೇ. "ಎದ್ದು ನಾಲ್ಕು ಹೆಜ್ಜೆ ನಡೆಯಬಾರದೆ? ನಿಮಗೇನು ಕಡಿಮೆ? ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದು ಬಂದವರೆಲ್ಲ ಹೇಳುತ್ತಾರೆ. ಮುರಿದ ಕಾಲಿನವನಿಗೆ ಓಡೆಂದು ಹೇಳಿದ ಹಾಗೆ ಇದು. ಗಟ್ಟಿ ಮಾಡಿಕೊಳ್ಳಬೇಕಾದ ಮನಸ್ಸೇ ಕಾಯಿಲೆ ಬಿದ್ದಿದೆ. ದಾದಿ ಹಾಗೆ ಹೇಳುವುದಿಲ್ಲ. ಇಂದು ಹಾಸಿಗೆಯಿಂದೆದ್ದು ಹಲ್ಲುಜ್ಜಿದರೆ ಸಾಕು, ನಾಳೆ ಸ್ನಾನ, ನಾಡಿದ್ದು ಜಗಲಿಯವರೆಗೆ ನಡಿಗೆ. ಉಪ್ಪಿನಕಾಯಿಯೊಡನೆ ಗಂಜಿ ಮುಂದಿಟ್ಟು, ಅರ್ಧ ಬಟ್ಟಲು ಹೋಯಿತೆ ಪೂರ್ತಿ ಹೋಯಿತೆ ಎಂದು ಬರೆದಿಡುತ್ತಾಳೆ. ಮಾತಿಗೆ ಉತ್ತರ ಬಾರದಿದ್ದರೂ ಹತ್ತು ನಿಮಿಷ ಸುಮ್ಮನೆ ಪಕ್ಕದಲ್ಲಿ ಕೂರುತ್ತಾಳೆ. ಗುಣವಾದ ಮೇಲೆ ಅನೇಕರು ನೆನೆಸಿಕೊಳ್ಳುವುದು ಈ ಸುಮ್ಮನೆ ಕೂತ ಹೊತ್ತನ್ನೇ.

ಇಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ಎರಡು ವಿಷಯಗಳನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಸಾಯಬೇಕೆಂಬ ಯೋಚನೆ ಬರುತ್ತದೆಯೆ ಎಂದು ನೇರವಾಗಿ ಕೇಳಲು ನಾವು ಅಂಜುತ್ತೇವೆ, ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು. ಹಾಗೆ ಹುಟ್ಟುವುದಿಲ್ಲ. ಒಳಗೇ ಬೇಯುತ್ತಿದ್ದವರಿಗೆ ಆ ಪ್ರಶ್ನೆಯಿಂದ ಭಾರ ಇಳಿಸಲು ಒಂದು ಜಾಗ ಸಿಕ್ಕಿದಂತಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಖಿನ್ನತೆಯ ಮದ್ದು ಕೆಲಸ ಮಾಡಲು ಎರಡು ಮೂರು ವಾರ ಹಿಡಿಯುತ್ತದೆ. ಮೊದಲು ಮೈಗೆ ಚೈತನ್ಯ ಬರುತ್ತದೆ. ಮನಸ್ಸಿನ ಕತ್ತಲೆ ಹರಿಯುವುದು ಆಮೇಲೆ. ಈ ನಡುವಿನ ದಿನಗಳಲ್ಲಿ ಮನೆಯವರು, "ಈಗ ಎದ್ದು ಓಡಾಡುತ್ತಾರೆ, ಚಿಂತೆಯಿಲ್ಲ" ಎಂದು ಕಣ್ಣು ತಿರುಗಿಸುತ್ತಾರೆ. ಅಪಾಯ ಹೆಚ್ಚಾಗಿರುವುದು ಅದೇ ದಿನಗಳಲ್ಲಿ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳೂ ಅಂಥವೇ. ಆಗ ಒಬ್ಬಂಟಿಯಾಗಿ ಬಿಡಬಾರದು. ತೋಟಕ್ಕೆ ಸಿಂಪಡಿಸುವ ಔಷಧ, ಮನೆಯಲ್ಲಿರುವ ಮಾತ್ರೆಗಳು ಎಲ್ಲವೂ ಬೀಗದೊಳಗಿರಬೇಕು. ಮಾತ್ರೆಯನ್ನು ಹೊತ್ತಿನ ಲೆಕ್ಕದಲ್ಲಿ ಕೈಗೆ ಕೊಟ್ಟು, ನುಂಗಿದ್ದನ್ನು ನೋಡಬೇಕು. ಇದು ಅಪನಂಬಿಕೆಯಲ್ಲ, ತೊಟ್ಟಿಲ ಮಗುವಿನ ಬಳಿ ದೀಪ ಇಡದಂಥ ಎಚ್ಚರ.

ಉನ್ಮಾದದ ರೋಗಿ ಇದಕ್ಕೆ ತದ್ವಿರುದ್ಧ. ಮೂರು ದಿನ ನಿದ್ದೆಯಿಲ್ಲದಿದ್ದರೂ ದಣಿವಿಲ್ಲ. ಹಾಡು, ಹಾಸ್ಯ, ಒಂದು ಮಾತಿನಿಂದ ಇನ್ನೊಂದಕ್ಕೆ ನೆಗೆತ. ಸುತ್ತಲಿನವರಿಗೆ ಮೊದಮೊದಲು ನಗು ಬರುತ್ತದೆ. ನಕ್ಕು ಹುರಿದುಂಬಿಸಬಾರದು, ಗದರಿಸಲೂಬಾರದು. ಶಾಂತವಾದ ಕೋಣೆ, ಕಡಿಮೆ ಬೆಳಕು, ಕಡಿಮೆ ಜನ, ಚಿಕ್ಕ ಚಿಕ್ಕ ವಾಕ್ಯಗಳ ಮಾತು. ಎಲೆಯ ಮುಂದೆ ಕೂತು ಉಣ್ಣುವಷ್ಟು ವ್ಯವಧಾನ ಅವರಿಗಿರುವುದಿಲ್ಲ. ಆದುದರಿಂದ ನಡೆಯುತ್ತ ತಿನ್ನಬಹುದಾದ ಇಡ್ಲಿ, ಚಪಾತಿ, ಬಾಳೆಹಣ್ಣು, ಅವಲಕ್ಕಿ ಉಂಡೆ ಕೈಗೆ ಕೊಡಬೇಕು. ಗಂಟೆಗೊಮ್ಮೆ ನೀರು ಕುಡಿಸಬೇಕು. ಉಂಗುರ, ಬಳೆ, ಬ್ಯಾಂಕಿನ ಪುಸ್ತಕ, ಈಗಿನ ಕಾಲದಲ್ಲಿ ಹಣ ಕಳುಹಿಸುವ ಮೊಬೈಲ್ ಫೋನು, ಇವೆಲ್ಲ ಮನೆಯ ನಂಬಿಕಸ್ತರ ಕೈಯಲ್ಲಿರಲಿ. ಕಾಯಿಲೆ ಇಳಿದ ಮೇಲೆ ತಾನು ಆಡಿದ್ದು ಮಾಡಿದ್ದು ನೆನಪಾಗಿ ಆ ವ್ಯಕ್ತಿ ಪಡುವ ನಾಚಿಕೆ ಅಷ್ಟಿಷ್ಟಲ್ಲ. ಅಂದು ನಾವು ಎಷ್ಟು ಮರ್ಯಾದೆಯಿಂದ ನಡೆದುಕೊಂಡೆವು ಎಂಬುದು ಅವರಿಗೂ ನೆನಪಿರುತ್ತದೆ.

ಲಿಥಿಯಂ ತೆಗೆದುಕೊಳ್ಳುವವರ ವಿಷಯದಲ್ಲಿ ಮಂಗಳೂರಿನವರು ವಿಶೇಷವಾಗಿ ತಿಳಿದಿರಬೇಕಾದ ಸಂಗತಿ ಒಂದುಂಟು. ಇದು ಒಳ್ಳೆಯ ಮದ್ದು. ಏರಿಳಿತ ಮರುಕಳಿಸದಂತೆ ವರ್ಷಗಟ್ಟಲೆ ಕಾಪಾಡುತ್ತದೆ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಿರಿದು. ರಕ್ತದಲ್ಲಿ ಅದು ಲೀಟರಿಗೆ ಸುಮಾರು 0.6ರಿಂದ 1.2 ಮಿಲಿ ಈಕ್ವಿವಲೆಂಟ್ ಇರಬೇಕು, 1.5 ದಾಟಿತೆಂದರೆ ವಿಷದ ಲಕ್ಷಣಗಳು ತಲೆಹಾಕಬಹುದು. ಮೈಯಲ್ಲಿ ನೀರೂ ಉಪ್ಪೂ ಕಡಿಮೆಯಾದಾಗ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಡುತ್ತವೆ. ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಯನ್ನು ನೆನೆಸಿಕೊಳ್ಳಿ. ನೆರಳಲ್ಲಿ ಕೂತರೂ ಬೆವರು ಧಾರೆಯಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ವಾಂತಿಭೇದಿ. ಜ್ವರ ಬಂದಾಗ ಉಪ್ಪಿಲ್ಲದ ಪಥ್ಯ. ರಕ್ತದೊತ್ತಡಕ್ಕೆ ಹೆದರಿ ಒಮ್ಮೆಲೇ ಉಪ್ಪು ಬಿಡುವವರೂ ಉಂಟು. ಸೊಂಟನೋವಿಗೆಂದು ಅಂಗಡಿಯಿಂದ ತಾವೇ ತಂದು ನುಂಗುವ ಕೆಲವು ನೋವಿನ ಮಾತ್ರೆಗಳೂ ಇದೇ ತೊಂದರೆ ತರುತ್ತವೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ಮಾತು ತೊದಲುವುದು, ಕುಡಿದವರಂತೆ ತೂರಾಡುವುದು ಕಂಡರೆ, ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ದು, "ಇವರು ಲಿಥಿಯಂ ತೆಗೆದುಕೊಳ್ಳುವವರು" ಎಂದು ಮೊದಲು ಹೇಳಬೇಕು. ಉಳಿದ ದಿನಗಳಲ್ಲಿ ಊಟದ ಉಪ್ಪು ಎಂದಿನಷ್ಟೇ ಇರಲಿ, ನೀರು ಧಾರಾಳವಾಗಿರಲಿ, ರಕ್ತದ ಪರೀಕ್ಷೆ ತಪ್ಪದಿರಲಿ. ಆ ಪರೀಕ್ಷೆಗೆ ರಕ್ತ ಕೊಡುವುದು ಹಿಂದಿನ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ.

ಮಂಗಳೂರಿನ ವಾರ್ಡಿಗೆ ಇನ್ನೊಂದು ವಿಶೇಷವುಂಟು. ಇದು ದಾದಿಯರನ್ನು ತಯಾರುಮಾಡುವ ಊರು. ಇಲ್ಲಿ ನರ್ಸಿಂಗ್ ಕಲಿಯಲು ಕೇರಳದಿಂದಲೂ ದೂರದ ಇತರ ರಾಜ್ಯಗಳಿಂದಲೂ ಹುಡುಗಿಯರು, ಈಗ ಹುಡುಗರೂ ಬರುತ್ತಾರೆ. ರೋಗಿಗಳ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲೆಯಾಳ. ಕಾಲು ಮುರಿದವನು ಬೆರಳಿನಿಂದ ತೋರಿಸಿಯಾನು. ಮನಸ್ಸು ಮುರಿದವನು ತೋರಿಸುವುದೇನನ್ನು? ಮನಸ್ಸು ಕದಡಿದಾಗ ಕಲಿತ ಭಾಷೆಗಳು ಹಿಂದೆ ಸರಿದು ತಾಯಿನುಡಿಯೊಂದೇ ಉಳಿಯುವುದನ್ನು ನಾನು ಕಂಡಿದ್ದೇನೆ. ಆದುದರಿಂದ ಬೇರೆ ಊರಿನ ವಿದ್ಯಾರ್ಥಿನಿಯರಿಗೆ ನಾನು ಮೊದಲು ಹೇಳಿಕೊಡುತ್ತಿದ್ದುದು ರೋಗಗಳ ಹೆಸರನ್ನಲ್ಲ. ತುಳುವಿನವರಿಗೆ "ವನಸ್ ಆಂಡಾ?", ಕೊಂಕಣಿಯವರಿಗೆ "ಜೆವಣ್ ಜಾಲೆಂ?", ಅಂದರೆ ಊಟವಾಯಿತೆ ಎಂದು ಕೇಳುವುದನ್ನು. ಆ ಒಂದು ಮಾತಿಗೆ ಮುಖ ತಿರುಗಿಸಿ ನೋಡಿದ ರೋಗಿ, ನಾಳೆ ಎರಡು ಮಾತಾಡಿಯಾನು.

ಇನ್ನು ಕಟ್ಟಿಹಾಕುವ ವಿಷಯ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಇಪ್ಪತ್ತೈದಕ್ಕೂ ಹೆಚ್ಚು ಜನ. ನಮ್ಮ ದೇಶದ ಆತ್ಮಸಾಕ್ಷಿ ಅಂದು ಬೆಚ್ಚಿತು. 2017ರಲ್ಲಿ ಸಂಸತ್ತು ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯನ್ನು ಅಂಗೀಕರಿಸಿತು. 2018ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. ಅದರಂತೆ ಮನೋರೋಗಿಯನ್ನು ಯಾವ ರೀತಿಯಲ್ಲಿಯೂ ಸಂಕೋಲೆಯಲ್ಲಿ ಇಡಕೂಡದು. ವಿದ್ಯುತ್ ಚಿಕಿತ್ಸೆಯನ್ನು ಅರಿವಳಿಕೆಯಿಲ್ಲದೆ, ಸ್ನಾಯು ಸಡಿಲಿಸುವ ಮದ್ದಿಲ್ಲದೆ ಕೊಡಕೂಡದು. ಪ್ರಾಣಾಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಆದಷ್ಟು ಕಡಿಮೆ ಹೊತ್ತು ರೋಗಿಯನ್ನು ಹಿಡಿದಿಡಬಹುದು. ಮುಂದೆ ಕಾಯಿಲೆ ಹೆಚ್ಚಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮನಸ್ಸು ಸ್ವಸ್ಥವಿದ್ದಾಗಲೇ ಬರೆದಿಡುವ ಹಕ್ಕು, ತನ್ನ ಪರವಾಗಿ ಮಾತಾಡುವವರನ್ನು ತಾನೇ ಹೆಸರಿಸುವ ಹಕ್ಕು ರೋಗಿಗೆ ಉಂಟು. ಕಾಯಿದೆ ಹೇಳಿದ ಮಾತ್ರಕ್ಕೆ ಎಲ್ಲವೂ ಆಗಿಬಿಡುವುದಿಲ್ಲ. ರಾತ್ರಿ ಎರಡು ಗಂಟೆಗೆ ರೋಗಿ ಕೆರಳಿ ನಿಂತಾಗ ವಾರ್ಡಿನಲ್ಲಿರುವುದು ಕಾಯಿದೆಯ ಪುಸ್ತಕವಲ್ಲ, ಒಬ್ಬಿಬ್ಬರು ದಾದಿಯರು. ಸಿಟ್ಟು ಹತ್ತುವ ಮೊದಲೇ ಅದರ ಗುರುತು ಹಿಡಿದು, ತಗ್ಗಿದ ದನಿಯಲ್ಲಿ ಮಾತಾಡಿಸಿ, ಹೊರಹೋಗುವ ದಾರಿಗೆ ಅಡ್ಡ ನಿಲ್ಲದೆ, ಸ್ವಲ್ಪ ದೂರದಿಂದ, ಏನು ಬೇಕೆಂದು ಕೇಳಬಲ್ಲವಳಿದ್ದರೆ ಹಗ್ಗದ ಅವಶ್ಯಕತೆ ಬಹಳ ಸಲ ಬೀಳುವುದೇ ಇಲ್ಲ.

ಆಸ್ಪತ್ರೆಯ ವಾಸ ಕೆಲವು ವಾರಗಳದು. ಬದುಕು ನಡೆಯಬೇಕಾದದ್ದು ಮನೆಯಲ್ಲಿ. ನಮ್ಮ ದೇಶದ ಮನೋವೈದ್ಯರು ಇದನ್ನು ಬೇಗನೆ ಅರಿತರು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು 1950ರ ದಶಕದಲ್ಲಿ ರೋಗಿಯ ಮನೆಯವರನ್ನೂ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಉಳಿಸಿಕೊಂಡು ಶುಶ್ರೂಷೆ ಕಲಿಸಿದರು. ಬೆಂಗಳೂರಿನಲ್ಲಿ ಎಸ್. ಪೈ ಮತ್ತು, ಕೋಟದ ಅಧ್ಯಯನದಲ್ಲಿ ಹೆಸರಿಸಿದೆನಲ್ಲ, ಅದೇ ಕಪೂರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ಕಿಜೋಫ್ರೀನಿಯಾ ರೋಗಿಗಳ ಒಂದು ಗುಂಪನ್ನು ಆಸ್ಪತ್ರೆಗೆ ಸೇರಿಸಿದರು; ಇನ್ನೊಂದು ಗುಂಪನ್ನು ಮನೆಯಲ್ಲಿಯೇ ಬಿಟ್ಟು, ಆಗಾಗ ದಾದಿಯೊಬ್ಬಳು ಹೋಗಿ ಮದ್ದು, ಮಾತು, ಮನೆಯವರಿಗೆ ತಿಳಿವಳಿಕೆ ಎಲ್ಲವನ್ನೂ ನೋಡಿಕೊಳ್ಳುವಂತೆ ಮಾಡಿದರು. 1980ರ ದಶಕದ ಮೊದಲಲ್ಲಿ ಪ್ರಕಟವಾದ ಅವರ ವರದಿಗಳ ಪ್ರಕಾರ, ಮನೆಯಲ್ಲಿ ಆರೈಕೆ ಪಡೆದವರೇ ಹೆಚ್ಚು ಚೇತರಿಸಿಕೊಂಡರು, ಮನೆಯವರ ಹೊರೆ ಹೆಚ್ಚು ಇಳಿಯಿತು, ಖರ್ಚೂ ಕಡಿಮೆಯಾಯಿತು. ಈ ಹೊರೆಯನ್ನು ಅಳೆಯಲು ಅವರಿಬ್ಬರು 1981ರಲ್ಲಿ ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ಹೊರದೇಶಗಳ ಸಂಶೋಧಕರೂ ಬಳಸುತ್ತಾರೆ.

ಮನೆಯ ಹೊರೆಯೆಂದರೆ ಸಣ್ಣದೆ? ಮಗನ ಕಾಯಿಲೆಗಾಗಿ ಕೆಲಸ ಬಿಟ್ಟ ತಂದೆ, ರಾತ್ರಿ ಕಣ್ಣು ಮುಚ್ಚದ ತಾಯಿ, ಕಾಯಿಲೆಯ ಸುದ್ದಿ ಹಬ್ಬಿತೆಂದು ಮದುವೆ ತಪ್ಪಿಹೋದ ತಂಗಿ. ದಣಿದ ಮನೆಯಲ್ಲಿ ಮಾತು ಬಿರುಸಾಗುತ್ತದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನಗಳಿಂದ, ಸದಾ ಕೊಂಕು, ಹಳಿವು, ಸಿಡುಕು ತುಂಬಿದ ಮನೆಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ತಿಳಿದುಬಂತು. ಅಂದರೆ ಮನೆಯವರೇ ಕಾಯಿಲೆ ತಂದರೆಂದು ಅರ್ಥವಲ್ಲ; ಮನೆಯವರ ಮಾತು ಮದ್ದಿನಷ್ಟೇ ಕೆಲಸ ಮಾಡಬಲ್ಲದು ಎಂದು ಅರ್ಥ. ಆದುದರಿಂದ ರೋಗಿಯನ್ನು ಬೀಳ್ಕೊಡುವ ದಿನ ದಾದಿ ಮನೆಯವರನ್ನು ಕೂರಿಸಿ ಕೆಲವು ಮಾತು ಹೇಳಬೇಕು. ಗುಣವಾಯಿತೆಂದು ನೀವಾಗಿ ಮದ್ದು ನಿಲ್ಲಿಸಬೇಡಿ. ನಿದ್ರೆಯ ಮೇಲೆ ಕಣ್ಣಿಡಿ; ಎರಡು ಮೂರು ರಾತ್ರಿ ನಿದ್ದೆ ಕೆಟ್ಟರೆ ಅದು ಮೊದಲ ಎಚ್ಚರಿಕೆ. ಕೈಲಾಗುವ ಒಂದು ಕೆಲಸ ಕೊಡಿ, ಹೂ ಕಟ್ಟುವುದಾಗಲಿ, ಅಡಿಕೆ ಸುಲಿಯುವುದಾಗಲಿ, ಅಂಗಡಿಯ ಲೆಕ್ಕವಾಗಲಿ. ಮನೆಯ ಮಾತುಕತೆಗೆ ಅವರನ್ನೂ ಸೇರಿಸಿಕೊಳ್ಳಿ. ಕೊನೆಯದಾಗಿ, ಒಬ್ಬರೇ ಹೊರಬೇಡಿ. ಸರದಿಯ ಮೇಲೆ ನೋಡಿಕೊಳ್ಳಿ. ಆರೈಕೆ ಮಾಡುವ ತಾಯಿಗೂ ವಾರಕ್ಕೊಂದು ಸಂಜೆ ಬಿಡುವು ಬೇಕು.

ಸಹಾಯ ಈಗ ಮೊದಲಿನಷ್ಟು ದೂರವಿಲ್ಲ. ಮಂಗಳೂರಿನ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಉಂಟು. ಈ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ, ಹಣ ಕೊಡದೆ, ಕನ್ನಡದಲ್ಲಿಯೇ ಮಾತಾಡಬಹುದು. ರೋಗಿಯೇ ಮಾತಾಡಬೇಕೆಂದಿಲ್ಲ, ದಾರಿ ಕಾಣದೆ ಕೂತ ಮನೆಯವರೂ ಮಾತಾಡಬಹುದು.

ಮೊದಲು ಕೇಳಿದ ಪ್ರಶ್ನೆಗೆ ಈಗ ಬರೋಣ. ಮೈಮೇಲೆ ಗಾಯವಿಲ್ಲದ ರೋಗಿಗೆ ದಾದಿ ಮಾಡುವುದೇನು? ಉಂಡರೆ ಎಷ್ಟು ಉಂಡರು, ಮಲಗಿದರೆ ಎಷ್ಟು ಹೊತ್ತು ಮಲಗಿದರು, ಮಾತಾಡಿದರೆ ಏನು ಮಾತಾಡಿದರು ಎಂದು ನೋಡುತ್ತಾಳೆ, ಬರೆದಿಡುತ್ತಾಳೆ. ಹೆದರಿದವರ ಪಕ್ಕದಲ್ಲಿ ಕೂರುತ್ತಾಳೆ. ತಾನು ಬೇಡವಾದೆನೆಂದು ನಂಬಿದವರಿಗೆ, ಹೊತ್ತಿಗೆ ಸರಿಯಾಗಿ ಬಂದು ಹೆಸರು ಹಿಡಿದು ಕರೆಯುವುದರಿಂದ, ಹಾಗಲ್ಲವೆಂದು ತೋರಿಸಿಕೊಡುತ್ತಾಳೆ. ಇದರಲ್ಲಿ ಬಹುಪಾಲು ಕೆಲಸಕ್ಕೆ ಬಿಳಿಯ ಉಡುಪು ಬೇಕಾಗಿಲ್ಲ. ನಿಮ್ಮ ಮನೆಯ ಜಗಲಿಯಲ್ಲಿ ನೀವೂ ಮಾಡಬಹುದು. ಆ ದಿನ ನನ್ನ ಹಿರಿಯ ಸಿಸ್ಟರ್ ಕೇಳಿದ ಪ್ರಶ್ನೆಯನ್ನು ನಿಮಗೂ ದಾಟಿಸುತ್ತೇನೆ. ಮನಸ್ಸು ನೊಂದವರೊಡನೆ ವಾದದಲ್ಲಿ ಗೆದ್ದಿರೊ ಸೋತಿರೊ, ಅದು ಹಾಗಿರಲಿ. ಅವರು ಊಟ ಮಾಡಿದರೊ?